ಭೀಮಣ್ಣನಿಗೆ ಓದಿ ಹೇಳಿದ ಕಾರ್ಡು

ಮೂವತ್ನಾಲ್ಕನೆಯ ಇಸವಿಯ ನಾತಾಳ, ಅಂದರೆ ಕ್ರಿಸ್ಮಸ್ ಹಬ್ಬಕ್ಕೆ ಇನ್ನೂರು ಶುಭಾಶಯದ ಕಾರ್ಡು ಮಾಡಿಕೊಟ್ಟರೆ ಜನವರಿ ಒಂದಕ್ಕೆ ನನ್ನ ಹೆಸರನ್ನು ರಜಿಸ್ಟರಿನಿಂದ ಹೊಡೆದುಹಾಕುತ್ತೇನೆ ಅಂತ ಸಾಹೇಬರು ಮಾತು ಕೊಟ್ಟಿದ್ದರು. ಹೆಸರು ಹೊಡೆದುಹಾಕಿದರೆ ನಾನು ಬಿಡುಗಡೆ. ಅದಕ್ಕಾಗಿ ಇನ್ನೂರೇನು, ಎರಡು ಸಾವಿರ ಕಾರ್ಡಿಗೂ ನಾನು ಹೂಂ ಅನ್ನುತ್ತಿದ್ದೆ.

ನಮ್ಮದು ಬುಟ್ಟಿ ಹೆಣೆಯುವ ಮಂದಿ. ಇವರು ಹುಟ್ಟಾ ಕಳ್ಳರು ಅಂತ ಸರಕಾರ ಕಾಯದೆ ಮಾಡಿ, ಊರೂರಿನಿಂದ ನಮ್ಮನ್ನು ಹಿಡಿದು ತಂದು, ಸೋಲಾಪುರದ ಅಂಚಿಗೆ ಮುಳ್ಳುತಂತಿ ಬಿಗಿದು ಒಳಗೆ ಕೂಡಿಸಿತ್ತು. ಅದಕ್ಕೆ ಸೆಟಲ್‌ಮೆಂಟ್ ಅಂತ ಹೆಸರು. ಅದನ್ನು ನಡೆಸುವವರು ಸಾಹೇಬರು, ನಮ್ಮೆಲ್ಲರ ಹೆಸರು ಅವರ ರಜಿಸ್ಟರಿನಲ್ಲಿ. ನಾನು ಒಳಗೆ ಬಂದಾಗ ನನಗೆ ಹದಿಮೂರು ವರ್ಷ. ಯಾರ ಹಿತ್ತಲಿನ ಬೋರೆಹಣ್ಣನ್ನೂ ಕದ್ದವಳಲ್ಲ. ಒಳಗೇ ಸಾಲಿ ಕಲಿತು, ಏಳನೆಯ ಇಯತ್ತೆ ಪಾಸಾಗಿ, ಅಲ್ಲಿಯ ಮಕ್ಕಳಿಗೇ ಟೀಚರಬಾಯಿ ಆದೆ. ಬೆಳಗ್ಗೆ ನಾನು ಮಕ್ಕಳ ಹಾಜರಿ ಕೂಗಬೇಕು, ಸಂಜೆ ಕಾರಕೂನ ಸಾತಲಿಂಗಪ್ಪ ನನ್ನ ಹಾಜರಿ ಕೂಗಬೇಕು. ‘ಮಲಕಮ್ಮ’ ಅಂದರೆ ‘ಇದ್ದೀನ್ರಿ’ ಅನ್ನಬೇಕು. ಎಲ್ಲಿಗೆ ಹೋಗಲಿಕ್ಕಾಗುತ್ತಿತ್ತು, ಇಲ್ಲದೆ?

ಅಕ್ಕಲಕೋಟದಲ್ಲಿ ಹೆಣ್ಣುಮಕ್ಕಳ ಸಾಲಿಯೊಂದರಲ್ಲಿ ಹೊಲಿಗೆ ಕಲಿಸುವ ಕೆಲಸ ನನಗಾಗಿ ಕಾಯುತ್ತಿತ್ತು. ಕೆಲಸದ ಜೊತೆಗೆ ಒಂದು ಕೋಣೆ. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕವಿದೆ ಅಂತ ಕೇಳಿದ್ದೆ. ಸೆಟಲ್‌ಮೆಂಟಿನ ಮನೆಗಳಿಗೆ ಒಳಚಿಲಕ ಇರುವಂತಿಲ್ಲ. ಪಹರೆಯವನು ಯಾವಾಗ ಬೇಕಾದರೂ ತಳ್ಳಿಕೊಂಡು ಬಂದು ತಲೆ ಎಣಿಸುತ್ತಿದ್ದ. ಹನ್ನೊಂದು ವರ್ಷ ಹಾಗೆ ಮಲಗಿದವಳಿಗೆ ಆ ಚಿಲಕದ ಬೆಲೆ ಗೊತ್ತು, ಬೇರೆಯವರು ನಕ್ಕರೆ ನಗಲಿ.

ಸಾಲಿಯ ಮಕ್ಕಳನ್ನು ಕೂಡಿಸಿಕೊಂಡು ಮಾಡುವ ಕಾರ್ಡಿನ ಕೆಲಸ ಹೀಗೆ. ದಪ್ಪ ಕಾಗದವನ್ನು ಮಡಚಿದ ಕಂಬಳಿಯ ಮೇಲಿಟ್ಟು, ಬರೆದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಬೇಕು. ಆಮೇಲೆ ನೂಲಿನ ಗಿರಣಿಯಲ್ಲಿ ಉಳಿದ ತುಂಡು ದಾರ, ಕೆಂಪು, ಹಸಿರು, ಹಳದಿ, ಯಾವುದು ಸಿಕ್ಕರೆ ಅದು, ಆ ತೂತುಗಳಲ್ಲಿ ಹಾಯಿಸಿ ಆಕಾಶದ ಚಿಕ್ಕೆ, ಒಂಟೆ, ಕುರಿ ಮೂಡಿಸಬೇಕು. ಜಗ್ಗಿದರೆ ಕಾಗದ ಹರಿಯುತ್ತದೆ, ಸಡಿಲ ಬಿಟ್ಟರೆ ಒಂಟೆ ಹೊಟ್ಟೆ ಜೋತು ಬೀಳುತ್ತದೆ. ಹಿಂದುಗಡೆಯ ಗಂಟುಗಳು ಕಾಣದಂತೆ ಇನ್ನೊಂದು ತೆಳು ಕಾಗದ ಅಂಟಿಸಬೇಕು. ಕಾರ್ಡುಗಳು ಮುಂಬೈ, ಪುಣೆಯ ದಾನಿಗಳಿಗೆ ಹೋಗುವಂಥವು. ಎಲ್ಲಿಂದ ಬಂದವು ಅಂತ ಅವರಿಗೆ ತಿಳಿಯಬೇಕಲ್ಲ, ಅದಕ್ಕೆ ಸಾತಲಿಂಗಪ್ಪ ಆ ಹಿಂಬದಿಯ ಕಾಗದಗಳಿಗೆಲ್ಲ ಮೊದಲೇ ಕಚೇರಿಯ ಶಿಕ್ಕಾ ಒತ್ತಿ ಕಳಿಸಿದ್ದ. ದುಂಡಗಿನ, ನೇರಳೆ ಬಣ್ಣದ ಶಿಕ್ಕಾ.

ಅದನ್ನು ನೋಡಿದ್ದೇ ತಡ, ಮಕ್ಕಳು ಗಪ್ಪಾದವು. ಅವಕ್ಕೆ ಓದು ಅಷ್ಟಕ್ಕಷ್ಟೇ, ಆದರೆ ಆ ಶಿಕ್ಕಾ ಗೊತ್ತಿಲ್ಲದ ಕೂಸು ಅಲ್ಲಿರಲಿಲ್ಲ. ಗಿರಣಿಗೆ ಹೋಗುವುದೊಂದನ್ನು ಬಿಟ್ಟು ತಂತಿಯಾಚೆ ಹೆಜ್ಜೆ ಇಡಬೇಕಾದರೆ ಕಚೇರಿಯ ಪಾಸು ಬೇಕು, ಪಾಸಿನ ಮೇಲೆ ಇದೇ ಶಿಕ್ಕಾ ಇರಬೇಕು. ಒಬ್ಬ ಹುಡುಗ ಕೇಳಿದ:

“ಟೀಚರಬಾಯಿ, ಇಷ್ಟೆಲ್ಲಾ ಪಾಸ ಯಾರಿಗ್ರಿ?”

“ಪಾಸಲ್ಲೋ ಮೂಳಾ, ಹಬ್ಬದ ಕಾರ್ಡು. ಸುಮ್ಮ ಚುಚ್ಚು.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಕ್ಕಳಲ್ಲಿ ಎಲ್ಲರಿಗಿಂತ ಚೆಂದ ಹೊಲಿಯುತ್ತಿದ್ದವಳು ಇಂದುಬಾಯಿ, ಎಲ್ಲರ ಬಾಯಲ್ಲಿ ಇಂದಿ, ಭೀಮಣ್ಣನ ಮಗಳು, ಹತ್ತು ವರ್ಷದವಳು. ತಾಯಿ ಇಲ್ಲದ ಹುಡುಗಿ. ಭೀಮಣ್ಣ ಗಿರಣಿಯಲ್ಲಿ ನೂಲು ಸುತ್ತುವ ಖಾತೆಯಲ್ಲಿದ್ದ. ಮೆತ್ತಗಿನ ಮನುಷ್ಯ, ಕತ್ತೆಗೂ ದಾರಿ ಬಿಟ್ಟು ನಡೆಯುವಂಥವನು. ಅವನ ತಾಯಿ, ಇಂದಿಯ ಆಯಿ, ಭಾಗಾಬಾಯಿ ಎರಡೂ ಕಣ್ಣು ಕಳೆದುಕೊಂಡ ಮುದುಕಿ. ಇವಳಿಂದ ಇನ್ನೇನು ಕಳವಾದೀತು ಅಂತ ಸರಕಾರ ಅವಳನ್ನು ರಜಿಸ್ಟರಿನಿಂದ ಬಿಟ್ಟು, ದುಧನಿಯಲ್ಲಿ ತಂಗಿಯ ಮನೆಯಲ್ಲಿರಲು ಒಪ್ಪಿಗೆ ಕೊಟ್ಟಿತ್ತು. ಡಿಸೆಂಬರ್ ಎರಡನೆಯ ವಾರ ಆ ಮುದುಕಿ ಅನ್ನ ನೀರು ಬಿಟ್ಟಳು ಅಂತ ಸುದ್ದಿ ಬಂತು. ಭೀಮಣ್ಣ ಪಾಸಿಗೆ ಅರ್ಜಿ ಕೊಟ್ಟ. ಹೋದ ವರ್ಷ ಪಾಸಿನ ಮೇಲೆ ಹೋಗಿ ಒಂದು ದಿನ ತಡವಾಗಿ ಬಂದಿದ್ದಾನೆ, ಕೊಡಲಾಗದು ಅಂತ ಸಾಹೇಬರು ಅರ್ಜಿ ತಿರುಗಿಸಿದರು. ಸಾಯುವವರು ಕಚೇರಿಯ ಕಾಯದೆ ನೋಡಿ ಸಾಯುತ್ತಾರೆಯೇ? ನನಗೆ ಮೈ ಉರಿದುಹೋಯಿತು. ಉರಿದರೆ ಏನು ಮಾಡುವುದು, ಬಾಯಿ ಮುಚ್ಚಿಕೊಂಡು ಕುರಿಗೆ ಕಾಲು ಹೊಲಿದೆ.

ಅದೇ ಶುಕ್ರವಾರ ಇಂದಿಯ ಒಂದು ಕಾರ್ಡು ಮೂಲೆಯಲ್ಲಿ ಹರಿಯಿತು. ಹರಿದದ್ದನ್ನು ದಾನಿಗಳಿಗೆ ಕಳಿಸುವಂತಿಲ್ಲ. ಹುಡುಗಿ ಅಳುಮುಖ ಮಾಡಿದಳು.

“ಅಳಬ್ಯಾಡ, ಇದು ನಿನಗೇ ಇರ್ಲಿ. ನಿಮ್ಮ ಆಯಿಗಿ ಕಳಸು,” ಅಂದೆ.

“ಆಯಿಗಿ ಕಣ್ಣ ಕಾಣೂದಿಲ್ಲಲ್ರಿ.”

“ದಾರ ಐತಿ, ಮುಟ್ಟಿ ನೋಡ್ತಾಳ.”

ಅವಳು ಕಣ್ಣು ಮುಚ್ಚಿ ಬೆರಳಿನಿಂದ ಚಿಕ್ಕೆಯ ಮೂಲೆಗಳನ್ನು, ಒಂಟೆಯ ಬೆನ್ನನ್ನು ಸವರಿ ನೋಡಿದಳು. ಕಾರ್ಡನ್ನು ಲಂಗದ ಗಂಟಿನಲ್ಲಿ ಸಿಕ್ಕಿಸಿಕೊಂಡು ಮನೆಗೆ ಹೋದಳು.

ಮರುದಿನ ಶನಿವಾರ, ಸಂಜೆ ಹಾಜರಿ ಮುಗಿದ ಮೇಲೆ, ಭೀಮಣ್ಣ ಸಾಲಿಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಆ ಕಾರ್ಡು. ಶಿಕ್ಕಾ ಇರುವ ಬದಿಯನ್ನು ಮೇಲೆ ಮಾಡಿ, ಪ್ರಸಾದ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದ.

“ಅಕ್ಕಾರ, ಇದನ್ನ ಸ್ವಲ್ಪ ಓದಿ ಹೇಳ್ರಿ. ಇಂದಿ ತಂದಾಳ. ಆಯಿ ಸಲುವಾಗಿ ಟೀಚರಬಾಯಿ ಕೊಟ್ಟಾರ ಅಂದ್ಳು. ಪಾಸೇನ್ರಿ ಇದು?”

ಮುಂಬದಿಗೆ ಇಂಗ್ಲಿಷಿನಲ್ಲಿ ‘ನಾತಾಳದ ಶುಭಾಶಯ’ ಅಂತ ಇತ್ತು. ನಾನೇ ಸಾಲಿಯ ಕರಿ ಫಳಿಯ ಮೇಲೆ ಬರೆದು ಮಕ್ಕಳಿಂದ ತೆಗೆಸಿದ ಅಕ್ಷರ. ಅಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಮುಖ ನೋಡಿದೆ. ಹಾಳಾದ ನನ್ನ ತಲೆ ಅಷ್ಟರಲ್ಲಿ ಲೆಕ್ಕ ಹಾಕಿಬಿಟ್ಟಿತು: ಬಾಗಿಲು ಕಾಯುವ ಕಾಮಣ್ಣನಿಗೆ ಅಕ್ಷರ ಬಾರದು, ಅವನು ನೋಡುವುದು ಶಿಕ್ಕಾ ಒಂದೇ. ನಾಳೆ ರವಿವಾರ, ಗಿರಣಿಗೆ ಸೂಟಿ. ಇವತ್ತಿನ ರೈಲುಗಾಡಿಗೆ ಹೋದರೆ ನಾಳೆ ಸಂಜೆ ಹಾಜರಿಯೊಳಗೆ ಬಂದುಬಿಡುತ್ತಾನೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಅವನಿಗೆ ನಿಜ ಹೇಳಿಯೇ ಕಳಿಸಬಹುದಿತ್ತು. ‘ಇದು ಪಾಸಲ್ಲ, ಆದರೂ ಕಾಮಣ್ಣ ಬಿಡ್ತಾನ, ಕದ್ದು ಹೋಗಿ ಬಾ’ ಅನ್ನಬಹುದಿತ್ತು. ಅನ್ನಲಿಲ್ಲ. ಇಂಥ ಸಾದಾ ಮನುಷ್ಯ ನಿಜ ಗೊತ್ತಾದರೆ ಬಾಗಿಲಲ್ಲೇ ನಡುಗಿ ಸಿಕ್ಕಿಬೀಳುತ್ತಾನೆ, ಜೊತೆಗೆ ನನ್ನನ್ನೂ ಸಿಕ್ಕಿಸುತ್ತಾನೆ ಅಂತ ಅಂಜಿದೆ. ನಾನು ಶಾಣ್ಯಾಕಿ ನೋಡಿ.

“ಹೌದು, ಪಾಸೇ,” ಅಂದೆ. “ನಾಳೆ ಸಂಜೀ ಹಾಜರಿ ಒಳಗ ಹೊಳ್ಳಿ ಬಾ.”

ಅವನು ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ನಾನು ಹಿಂದೆ ಸರಿದೆ.

ಕಾಮಣ್ಣ ಶಿಕ್ಕಾ ನೋಡಿ ಬಿಟ್ಟ. ಭೀಮಣ್ಣ ಗಾಡಿ ಹತ್ತಿ ದುಧನಿಗೆ ಹೋಗಿ ಇಳಿದ. ಇಳಿದವನು ತಾಯಿಯ ಹತ್ತಿರ ಹೋಗಲಿಲ್ಲ. ಇಲ್ಲಿಯೇ ನಾನು ಮಣ್ಣು ತಿಂದದ್ದು. ಪಾಸಿನ ಮೇಲೆ ಹೋದವರು ಊರು ಮುಟ್ಟಿದ ಕೂಡಲೇ, ಬೇರೆ ಯಾರ ಹೊಸ್ತಿಲನ್ನೂ ತುಳಿಯದೆ, ಪೊಲೀಸ್ ಪಾಟೀಲನಿಗೆ ಪಾಸು ತೋರಿಸಿ ಸಹಿ ಮಾಡಿಸಬೇಕು. ಅದು ಕಾಯದೆ. ಕದ್ದು ಹೋದವನಾಗಿದ್ದರೆ ಹಿತ್ತಲ ಬಾಗಿಲಿನಿಂದ ಹೋಗಿ ತಾಯಿಯ ಕೈ ಹಿಡಿಯುತ್ತಿದ್ದ. ಇವನು ಪಾಸಿದ್ದವನು, ನಾನೇ ಓದಿ ಹೇಳಿದ ಪಾಸು. ಹೋದ ವರ್ಷ ಒಂದು ದಿನ ತಪ್ಪಿದ್ದನ್ನು ಈ ಸಲ ತಿದ್ದಿಕೊಳ್ಳಬೇಕು ಅಂತ ನೆಟ್ಟಗೆ ಪಾಟೀಲನ ಕಟ್ಟೆಗೆ ಹೋಗಿ ಕಾರ್ಡು ಮುಂದಿಟ್ಟ.

ಪಾಟೀಲನಿಗೆ ಇಂಗ್ಲಿಷ್ ಬಾರದಿದ್ದರೂ ಒಂಟೆ ಹೊಲಿದ ಪಾಸನ್ನು ಅವನು ಎಂದೂ ನೋಡಿರಲಿಲ್ಲ. ಸ್ಟೇಶನ್ ಮಾಸ್ತರನಿಂದ ಓದಿಸಿದ. ಭೀಮಣ್ಣನನ್ನು ಚಾವಡಿಯ ಕಂಬಕ್ಕೆ ಕಟ್ಟಿಸಿದ. ನಾಲ್ಕು ಮನೆ ಆಚೆ ಭಾಗಾಬಾಯಿ, ಮಗ ಊರಿಗೆ ಬಂದಾನ ಅಂತ ಯಾರೋ ಹೇಳಿದ್ದನ್ನು ಕೇಳಿ, ಬಾಗಿಲ ಕಡೆ ಮುಖ ಮಾಡಿಕೊಂಡು ರವಿವಾರ ಮಧ್ಯಾಹ್ನ ಪ್ರಾಣ ಬಿಟ್ಟಳು.

ಸೋಮವಾರ ನನ್ನನ್ನು ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಕಾರ್ಡು, ಪಕ್ಕದಲ್ಲಿ ಕೈಕೋಳ ಹಾಕಿದ ಭೀಮಣ್ಣ. ಸಾಹೇಬರು ಮರಾಠಿಯಲ್ಲಿ ಕೇಳಿದ್ದನ್ನು ಸಾತಲಿಂಗಪ್ಪ ನಮ್ಮ ಮಾತಿನಲ್ಲಿ ಹೇಳಿದ:

“ಹರಕ ಕಾರ್ಡ ಕೂಸಿಗಿ ಕೊಟ್ಟದ್ದು ತಪ್ಪಲ್ಲ ಅಂತಾರ ಸಾಹೇಬ್ರು. ಆದ್ರ ಇದು ಪಾಸ ಅಂತ ಇವಗ ಯಾರರೆ ಹೇಳಿದ್ರ, ತಪ್ಪ ಹೇಳಿದವರದು, ಇವನ್ನ ಬಿಡ್ತಾರ. ಯಾರೂ ಹೇಳಿಲ್ಲಂದ್ರ ಇವ ಬೇಕಂತನ ಮೋಸ ಮಾಡ್ಯಾನ, ಆರು ತಿಂಗಳ ಜೇಲು. ಮಲಕಮ್ಮ, ಇಂವ ನಿನ್ನ ಕೇಳಿದ್ದನೇನು?”

ಕೇಳಿದ್ದ, ನಾನೇ ಹೇಳಿದೆ. ಅಷ್ಟು ಅಂದರೆ ಸಾಕಿತ್ತು. ಬಾಯಿ ತೆರೆದೆ ಕೂಡ. ಆದರೆ ಮಾತು ಬರುವ ಮೊದಲು ಆ ಕೋಣೆ, ಆ ಬಾಗಿಲು ಕಣ್ಣಿಗೆ ಬಂತು. ಹದಿನೈದು ದಿನ, ಇನ್ನು ಹದಿನೈದೇ ದಿನ.

ನನ್ನ ಬಾಯಿ ತೆರೆದೇ ಇರುವಾಗ ಭೀಮಣ್ಣ ಅಂದ:

“ನಾ ಯಾರನ್ನೂ ಕೇಳಿಲ್ರಿ. ಅಕ್ಕಾರಿಗಿ ಏನೂ ಗೊತ್ತಿಲ್ಲ. ಶಿಕ್ಕಾ ನೋಡಿ ನಾನ ಹ್ವಾದೆ.”

ಅವನಿಗೆ ಅಷ್ಟರೊಳಗೆ ಎಲ್ಲ ತಿಳಿದಿತ್ತು. ಚಾವಡಿಯಲ್ಲಿ ಸ್ಟೇಶನ್ ಮಾಸ್ತರ ಓದಿದಾಗಲೇ, ನಾನು ಹೇಳಿದ್ದು ಸುಳ್ಳು ಅಂತ ತಿಳಿದಿತ್ತು. ಆ ಸುಳ್ಳಿನಿಂದ ತಾಯಿಯ ಮುಖ ತಪ್ಪಿತು ಅಂತಲೂ ತಿಳಿದಿತ್ತು. ಆದರೂ ಅವನು ನನ್ನ ಕಡೆ ಸಿಟ್ಟಿನಿಂದ ನೋಡಲಿಲ್ಲ. ಒಮ್ಮೆ ಬೈದಿದ್ದರೆ ನಾನು ನಿಜ ಹೇಳಿಬಿಡುತ್ತಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳೇ ಇರಬೇಕು.

“ಮಲಕಮ್ಮ, ಖರೇ ಏನು?” ಸಾತಲಿಂಗಪ್ಪ ಕೇಳಿದ.

“ಹೂಂ ರೀ,” ಅಂದೆ.

ಭೀಮಣ್ಣನ ಹೆಬ್ಬೆಟ್ಟಿಗೆ ಮಸಿ ಹಚ್ಚಿದರು. ಆ ವಾರದಲ್ಲೇ ಕೋರ್ಟಿನಲ್ಲಿ ಆರು ತಿಂಗಳು ಅಂತ ಆಯಿತು. ಇಂದಿಯನ್ನು ಸೆಟಲ್‌ಮೆಂಟಿನ ಬೋರ್ಡಿಂಗಿಗೆ ಹಾಕಿದರು. ಅವಳು ದಿನಾಲೂ ಸಾಲಿಗೆ ಬಂದು, ತಲೆ ಬಗ್ಗಿಸಿ, ಉಳಿದ ಕಾರ್ಡುಗಳನ್ನು ಹೊಲಿದಳು. ಒಂದೂ ಹರಿಯಲಿಲ್ಲ. ಇನ್ನೂರೂ ಹೊತ್ತಿಗೆ ಸರಿಯಾಗಿ ಟಪಾಲಿಗೆ ಹೋದವು, ಸಾಹೇಬರು ಶಾಬಾಸ್ ಅಂದರು.

ಜನವರಿ ಒಂದಕ್ಕೆ ನನ್ನ ಬಿಡುಗಡೆ ಕಾಗದ ಕೈಗೆ ಬಂತು. ಟ್ರಂಕು ಕಟ್ಟುತ್ತಿದ್ದೆ. ಇಂದಿ ಬಂದು ಬಾಗಿಲಲ್ಲಿ ನಿಂತಳು.

“ಒಂದ ಮಾತ ಕೇಳ್ಲೇನ್ರಿ?”

“ಕೇಳು.”

“ಅಪ್ಪ ಹೋಗೂ ಮುಂದ ನನಗ ಹೇಳಿ ಹೋಗಿದ್ದ. ಓದಿಸಿಕೊಂಡ ಬಂದೀನಿ, ಪಾಸೇ ಐತಿ, ಅಂಜಬ್ಯಾಡ ಅಂತ. ಯಾರ ಕಡಿ ಓದಿಸಿದ್ದ?”

ಹುಡುಗಿಗೆ ಉತ್ತರ ಗೊತ್ತಿತ್ತು. ನಮ್ಮ ಮಂದಿಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ.

“ನನ್ನ ಕಡಿ,” ಅಂದೆ. “ನಾನ ಸುಳ್ಳ ಹೇಳ್ದೆ. ಸಾಹೇಬ್ರ ಮುಂದೂ ಸುಳ್ಳ ಹೇಳ್ದೆ.”

ಅವಳು ಅಳಲಿಲ್ಲ.

“ಮತ್ತ ಈಗ ಹೋಗಿ ಖರೇ ಹೇಳ್ರಿ,” ಅಂದಳು.

ಹೋದೆ. ಸಾಹೇಬರ ಮೇಜಿನ ಮುಂದೆ ನಿಂತು, ಮೊದಲಿನಿಂದ ಕಡೆಯವರೆಗೆ, ಶನಿವಾರ ಸಂಜೆ ಏನಾಯಿತು, ನಾನೇನು ಅಂದೆ, ಎಲ್ಲ ಹೇಳಿದೆ. ಬಿಡುಗಡೆ ಕಾಗದವನ್ನೂ ಮೇಜಿನ ಮೇಲಿಟ್ಟೆ. ಸಾಹೇಬರು ಕೇಳಿದರು. ಕನ್ನಡಕ ತೆಗೆದು ಒರೆಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಸಾತಲಿಂಗಪ್ಪನಿಗೆ ಏನೋ ಅಂದರು.

“ಸಾಹೇಬ್ರು ಏನಂತಾರಂದ್ರ, ಆ ತಬ್ಬಲಿ ಕೂಸಿನ ಮ್ಯಾಲಿನ ಮಾಯಾ ಮಮತಾಕ್ಕ ನೀ ಅಪವಾದ ನಿನ್ನ ಮ್ಯಾಲ ತಗೋಳಾಕತ್ತಿ. ಇಂಥಾ ಮನಸ ನೋಡೇ ನಿನ್ನ ಬಿಟ್ಟದ್ದು ಸಾರ್ಥಕ ಆತು ಅಂತಾರ.”

“ಮಾಯಾ ಅಲ್ರಿ, ಖರೇ ಹೇಳಾಕತ್ತೀನಿ.”

“ಭೀಮಣ್ಣ ತಾನ ಹೆಬ್ಬೆಟ್ಟ ಒತ್ಯಾನ, ಕೋರ್ಟಿಂದೂ ಮುಗದೈತಿ. ನೀ ಈಗ ಏನ ಹೇಳಿದ್ರೂ ಯಾರ ಬರಕೋತಾರ? ಗಾಡಿ ತಪ್ಪತೈತಿ, ಹೋಗು.”

ಕಾಗದವನ್ನು ಅವನೇ ಮಡಚಿ ನನ್ನ ಕೈಗೆ ಕೊಟ್ಟ. ಹನ್ನೊಂದು ವರ್ಷ ಕಳ್ಳಿ ಅಂದವರು ಅಂದು ನನ್ನ ಕಳವನ್ನು ಮಾತ್ರ ನಂಬಲಿಲ್ಲ. ಕಿರಿಚಬೇಕು ಅನ್ನಿಸಿತು. ಕಿರಿಚಲಿಲ್ಲ, ನಮಸ್ಕಾರ ಮಾಡಿ ಹೊರಗೆ ಬಂದೆ.

ಇಂದಿ ನನ್ನ ಟ್ರಂಕಿನ ಮೇಲೆ ಕೂತಿದ್ದಳು.

“ಹೇಳಿದ್ರೇನ್ರಿ?”

“ಹೇಳ್ದೆ.”

“ಅಪ್ಪನ್ನ ಬಿಡ್ತಾರಂತೇನ್ರಿ?”

“ಇಲ್ಲವ್ವಾ.”

“ಮತ್ತ ನಿಮ್ಮನ್ನ?”

“ನನ್ನ ಬಿಟ್ಟಾರ.”

ಅವಳು ಟ್ರಂಕಿನಿಂದ ಇಳಿದು, ನಾನು ಎತ್ತಿಕೊಳ್ಳಲಿ ಅಂತ ಪಕ್ಕಕ್ಕೆ ಸರಿದು ನಿಂತಳು.