ತೊಂಬತ್ತೈದು ಬರುವವರೆಗೆ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೊಯೆಕೆತ್ಸಿಯ ಬಿಳಿ ಕೊರೊಲಾ ಕಾರು ಕೆಸ್ಟೆಲ್ ಊರಿನ ಪೆಟ್ರೋಲ್ ಬಂಕಿಗೆ ಬಂತೆಂದರೆ ಬಂಕಿನ ಹುಡುಗಿ ದಿಸೆಬೊ ಉಳಿದ ಗಾಡಿಗಳನ್ನು ಜೊತೆಯವರಿಗೆ ಬಿಟ್ಟು ತಾನೇ ಎದ್ದು ಬರುತ್ತಿದ್ದಳು. ಉತ್ತರ ಗೊತ್ತಿದ್ದೂ ಯಾವ ದರ್ಜೆಯ ಪೆಟ್ರೋಲ್ ಎಂದು ಕೇಳುತ್ತಿದ್ದಳು. ಅಲ್ಲಿ ಹಿರಿಯ ಗಂಡಸರೆಲ್ಲ ನ್ತಾತೆ, ಎಂದರೆ ಅಪ್ಪ.

"ತೊಂಬತ್ತಮೂರೋ ತೊಂಬತ್ತೈದೋ, ನ್ತಾತೆ?"

"ಈ ಊರು ಎಷ್ಟು ಎತ್ತರದಲ್ಲಿದೆ ಗೊತ್ತೇನಮ್ಮ ನಿನಗೆ?"

"ಹೋದ ವಾರ ಹೇಳಿದ್ರಿ ನ್ತಾತೆ. ಮರೆತೋಯ್ತು."

ಅವನಿಗೆ ಅಷ್ಟೇ ಬೇಕಾಗಿದ್ದದ್ದು. ಮೂವತ್ತೊಂದು ವರ್ಷ ಧಾನ್ಯ ತುಂಬಿಡುವ ಸಿಲೊ ಉಗ್ರಾಣದಲ್ಲಿ ಲಾರಿಗಳನ್ನು ತೂಕಕ್ಕೆ ಹಾಕಿದ ಮನುಷ್ಯ ಅವನು. ಯಾವುದಕ್ಕೆ ಎಷ್ಟು ಬೇಕೋ ಅಷ್ಟೇ ಕೊಡಬೇಕು, ಒಂದು ಹಿಡಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂಬುದು ಅವನ ಮತ. ಕಾರಿನ ಬಾಗಿಲಿಗೆ ಒರಗಿ ನಿಂತು ವಿವರಿಸುತ್ತಿದ್ದ: ಇಲ್ಲಿ ಬೆಟ್ಟದ ಮೇಲೆ ಗಾಳಿ ತೆಳು. ತೆಳು ಗಾಳಿಯಲ್ಲಿ ಇಂಜಿನ್ ಮೆತ್ತಗೆ ಉಸಿರಾಡುತ್ತದೆ, ಅದಕ್ಕೆ ತೊಂಬತ್ತಮೂರು ಧಾರಾಳ ಸಾಕು. ಇಲ್ಲಿ ತೊಂಬತ್ತೈದು ಹಾಕಿಸುವವನು ಬರೀ ಜಂಬದವನು. ಕೆಳಗೆ ಸಮುದ್ರದ ಹತ್ತಿರ ಗಾಳಿ ದಪ್ಪ, ಅಲ್ಲಿ ತೊಂಬತ್ತಮೂರು ಹಾಕಿದರೆ ಇಂಜಿನ್ ಟಕಟಕ ಕೆಮ್ಮುತ್ತದೆ. ಅಲ್ಲಿಗೆ ತೊಂಬತ್ತೈದೇ ಬೇಕು.

"ನೀವು ಯಾವಾಗ ಹೋಗ್ತೀರಿ ನ್ತಾತೆ ಸಮುದ್ರಕ್ಕೆ?" ದಿಸೆಬೊ ಗಾಜು ಒರೆಸುತ್ತ ಕೇಳುತ್ತಿದ್ದಳು.

"ಹೋಗೋಣ ಹೋಗೋಣ. ಈಗ ತೊಂಬತ್ತಮೂರು ಹಾಕು."

ಪಕ್ಕದ ಸೀಟಿನಲ್ಲಿ ಕೂತ ಹೆಂಡತಿ ಮಮೆಲ್ಲೊ ಇದನ್ನೆಲ್ಲ ಕೇಳಿಸಿಕೊಂಡು ಕಿಟಕಿಯಾಚೆ ನೋಡಿ ನಗುತ್ತಿದ್ದಳು. ಮಮೆಲ್ಲೊ ಎಂದರೆ ತಾಳ್ಮೆ. ಹೆಸರಿಟ್ಟ ಅಜ್ಜಿಗೆ ಮುಂದೆ ಎಂಥ ಗಂಡ ಸಿಗುತ್ತಾನೆಂದು ಮೊದಲೇ ಗೊತ್ತಿತ್ತೋ ಏನೋ.

ಮದುವೆಯ ದಿನ ಅವನು ಸಮುದ್ರ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಮುನ್ನೂರು ಮಕ್ಕಳಿಗೆ ಜೋಳದ ಗಂಜಿ ತಿರುವಿದ ಮಮೆಲ್ಲೊ ಊರಾಚೆಯ ಅಣೆಕಟ್ಟಿಗಿಂತ ದೊಡ್ಡ ನೀರನ್ನು ಕಂಡವಳಲ್ಲ. ಪ್ರತಿ ಡಿಸೆಂಬರಿನಲ್ಲಿ ಬೀದಿಯವರು ಡರ್ಬನ್ನಿಗೆ ಹೋಗಿ ಬಾಟಲಿಗಳಲ್ಲಿ ಸಮುದ್ರದ ನೀರು ತಂದು ಹಂಚುತ್ತಿದ್ದರು. ಒಂದು ಗುಟುಕು ಕುಡಿದರೆ ಹೊಟ್ಟೆ ಶುದ್ಧ, ಹೊಸ್ತಿಲಿಗೆ ಚಿಮುಕಿಸಿದರೆ ಮನೆ ಶುದ್ಧ. ಮಮೆಲ್ಲೊ ಪ್ರತಿ ವರ್ಷ ಬೇರೆಯವರು ತಂದ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿ ನೋಡುತ್ತಿದ್ದಳು. ಮೊಯೆಕೆತ್ಸಿಯದು ವರ್ಷಕ್ಕೊಂದು ನೆವ. ಒಮ್ಮೆ ಟೈರು ಸವೆದಿದೆ, ಒಮ್ಮೆ ಘಾಟಿಯಲ್ಲಿ ಮಂಜಂತೆ, ಒಮ್ಮೆ ರಜೆಯಲ್ಲಿ ರಸ್ತೆ ತುಂಬ ಕುಡುಕರು.

ಮಕ್ಕಳಿಲ್ಲದ ಆ ಮನೆಯಲ್ಲಿ ಹೀಗೆ ಒಂದು ಮಾತು ಬೆಳೆದುಬಿಟ್ಟಿತು. ಸಮುದ್ರಕ್ಕೆ ಅವರಿಬ್ಬರು ಸಮುದ್ರ ಎನ್ನುತ್ತಲೇ ಇರಲಿಲ್ಲ. "ನ್ತಾತೆ, ತೊಂಬತ್ತೈದು ಯಾವಾಗ?" ಎಂದು ಅವಳು ಕೇಳಿದರೆ ಇವನಿಗೆ ಅರ್ಥವಾಗುತ್ತಿತ್ತು. "ಈ ಸಲ ಖಂಡಿತ, ಮ್ಮೆ," ಎನ್ನುತ್ತಿದ್ದ. ಮ್ಮೆ ಎಂದರೆ ಅಮ್ಮ, ಅಲ್ಲಿ ಹೆಂಡತಿಗೂ ಅದೇ ಗೌರವದ ಮಾತು.

ಏಪ್ರಿಲ್ ತಿಂಗಳಲ್ಲಿ, ರಸ್ತೆಯ ಎರಡೂ ಬದಿಗೆ ಕಾಸ್ಮೋಸ್ ಹೂ ಬಿಟ್ಟ ಕಾಲದಲ್ಲಿ, ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅವನೊಬ್ಬನನ್ನೇ ಒಳಗೆ ಕರೆದಳು. ಮಮೆಲ್ಲೊಳ ಹೊಟ್ಟೆಯ ಗಡ್ಡೆ ಈಗ ಯಕೃತ್ತನ್ನೂ ಹಿಡಿದಿದೆ, ಇನ್ನು ಔಷಧ ನೋವಿಗೆ ಮಾತ್ರ ಎಂದಳು.

"ಅವರಿಗೆ ಏನಾದ್ರೂ ಆಸೆ ಇದ್ರೆ ಈ ವಾರ ಪೂರೈಸಿಬಿಡಿ ನ್ತಾತೆ. ಈಗಿನ್ನೂ ಕೂತ್ಕೊಳ್ಳೋ ಶಕ್ತಿ ಇದೆ. ಮುಂದಿನ ವಾರದ ಮಾತು ನಾನು ಹೇಳಲಾರೆ."

ಅಂದು ಭಾನುವಾರ. ಅವಳನ್ನು ಮನೆಗೆ ಕರೆತಂದು ಮಲಗಿಸಿದವನೇ ಅವನು "ಮ್ಮೆ, ಮಂಗಳವಾರ ಬೆಳಗಾಗ್ತಿದ್ದಂಗೆ ತೊಂಬತ್ತೈದು," ಎಂದ. ಮಮೆಲ್ಲೊ ಎದ್ದು ಕೂತಳು. ಸುದ್ದಿ ಬೀದಿ ತುಂಬ ಹರಡಿತು. ಪ್ರಾರ್ಥನೆಯ ಸಂಘದ ಹೆಂಗಸರು ಒಬ್ಬೊಬ್ಬರಾಗಿ ಖಾಲಿ ಬಾಟಲಿ ತಂದುಕೊಟ್ಟರು. ಅವಳು ಮಲಗಿದಲ್ಲೇ ಚೀಟಿ ಬರೆದು ಪ್ರತಿ ಬಾಟಲಿಗೂ ಹೆಸರು ಅಂಟಿಸಿದಳು. ಹದಿನೇಳು ಬಾಟಲಿ ಡಿಕ್ಕಿ ಸೇರಿದವು. ದಾರಿಯ ಬುತ್ತಿಗೆ ಕೋಳಿ ಹುರಿಯಲು ಪಕ್ಕದ ಮನೆಯವಳಿಗೆ ಹೇಳಿದ್ದೂ ಆಯಿತು.

ಸೋಮವಾರ ಅವನು ಬಂಕಿಗೆ ಹೋದ. ದಿಸೆಬೊ ಕೇಳುವ ಮೊದಲೇ, "ತೊಂಬತ್ತೈದು, ಟ್ಯಾಂಕ್ ಫುಲ್," ಎಂದ.

ದಿಸೆಬೊಳ ಮುಖ ಒಮ್ಮೆ ಅರಳಿ, ಬಾಡಿತು. "ಅಯ್ಯೋ ನ್ತಾತೆ. ತೊಂಬತ್ತೈದು ಶನಿವಾರವೇ ಖಾಲಿ. ಟ್ಯಾಂಕರ್ ಬರೋದು ಗುರುವಾರ."

ಅವನು ಪಂಪಿನ ಮೇಲಿನ ಸೊನ್ನೆಗಳನ್ನು ನೋಡಿದ.

"ತೊಂಬತ್ತಮೂರು ಹಾಕ್ತೀನಿ. ಹ್ಯಾರಿಸ್ಮಿತ್‌ನಲ್ಲಿ ತೊಂಬತ್ತೈದು ಸಿಗುತ್ತೆ, ಅರ್ಧ ಗಂಟೆ ದಾರಿ. ಅಲ್ಲಿ ತುಂಬಿಸ್ಕೊಂಡು ಘಾಟಿ ಇಳೀರಿ."

"ಹೆದ್ದಾರಿ ಬಂಕ್‌ಗಳ ಪೆಟ್ರೋಲ್ ನಾನು ಮುಟ್ಟಲ್ಲ ಅಂತ ನಿನಗೆ ಗೊತ್ತು."

ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಎಲ್ಲೋ ಹೆದ್ದಾರಿಯಲ್ಲಿ ಹಾಕಿಸಿದ ಪೆಟ್ರೋಲಿನಲ್ಲಿ ನೀರು ಸೇರಿ ಕಾರು ನಡುದಾರಿಯಲ್ಲಿ ನಿಂತಿತ್ತು. ಅಂದಿನಿಂದ ಅವನು ಈ ಒಂದು ಬಂಕನ್ನು ಬಿಟ್ಟು ಬೇರೆ ಕಡೆ ಟ್ಯಾಂಕಿನ ಮುಚ್ಚಳ ತೆಗೆದವನಲ್ಲ.

"ಮ್ಮೆನ ಕರ್ಕೊಂಡು ಹೋಗ್ತಾ ಕಾರು ದಾರಿಲಿ ನಿಂತ್ರೆ?" ಎಂದ. "ಘಾಟಿಲಿ ನಿಂತ್ರೆ ಏನು ಮಾಡ್ಲಿ ನಾನು? ಗುರುವಾರ ಬರ್ತೀನಿ."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೆಳಗೆ ತೊಂಬತ್ತೈದು ಬೇಕು ಎಂದು ಸಾವಿರ ಸಲ ಹೇಳಿದವನು ಆ ದಿನವೂ ಅದನ್ನೇ ಹೇಳಿದ, ಅಷ್ಟೆ. ಮನೆಗೆ ಹಿಂದಿರುಗುವಾಗ ಮಾತ್ರ ಎದೆಯ ಮೇಲಿನ ಒಂದು ಮೂಟೆ ಇಳಿದಂತಾಯಿತು, ಹಾಗೇಕಾಯಿತೆಂದು ಅವನು ವಿಚಾರಿಸಲು ಹೋಗಲಿಲ್ಲ.

"ಮ್ಮೆ, ತೊಂಬತ್ತೈದು ಗುರುವಾರ ಬರುತ್ತಂತೆ," ಎಂದು ಬಾಗಿಲಲ್ಲೇ ನಿಂತು ಹೇಳಿದ.

ಮಮೆಲ್ಲೊ ಮುಖದ ಮೇಲಿನ ಕಂಬಳಿ ಸರಿಸಿದಳು. "ಸ್ವರ್ಗದ ಬಾಗಿಲಲ್ಲೂ ನೀನು ಯಾವ ಪೆಟ್ರೋಲ್ ಅಂತ ಕೇಳೋನೇ."

"ಕಾರು ಕೆಮ್ಮುತ್ತೆ ಮ್ಮೆ."

"ನಾನೂ ಕೆಮ್ತೀನಿ. ಇಬ್ಬರೂ ಕೆಮ್ಕೊಂಡು ಹೋಗ್ತಿದ್ವಿ," ಎಂದು ನಕ್ಕಳು. ನಕ್ಕಿದ್ದಕ್ಕೇ ಹೊಟ್ಟೆ ಹಿಡಿದುಕೊಂಡಿತು. ನೋವು ಇಳಿದ ಮೇಲೆ, "ಹೋಗ್ಲಿ ಬಿಡು. ಗುರುವಾರವೇ ಸೈ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ," ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳ ಬಾಯಲ್ಲಿ ಸಮುದ್ರ ಎಂಬ ಮಾತು ಬಂದಿತ್ತು. ಅವನು ಅದನ್ನು ಗಮನಿಸಿದ್ದು ಆಮೇಲೆ.

ಬುಧವಾರ ಬೆಳಿಗ್ಗೆ ಅವನು ಚಹಾ ತಂದಾಗ ಮಮೆಲ್ಲೊ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎರಡು ಸಲ ಕೂಗಿದ. ಮೂರನೆಯ ಸಲ ಕೂಗಲಿಲ್ಲ. ಚಹಾದ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದ.

ಮರುದಿನ ಮನೆ ತುಂಬ ಜನ. ಸಾವಿನ ಮನೆಯ ಪದ್ಧತಿಯಂತೆ ಮಂಚ ತೆಗೆದು ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಅವನ ತಂಗಿ ಕೂತಿದ್ದಳು, ಹೆಂಗಸರು ಮೆಲ್ಲಗೆ ಹಾಡುತ್ತಿದ್ದರು. ಆಗ ಅವನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಬುಧವಾರ ರಜೆಯಲ್ಲಿದ್ದು ಆಗತಾನೆ ಕೆಲಸಕ್ಕೆ ಬಂದಿದ್ದ ದಿಸೆಬೊಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

"ನ್ತಾತೆ, ತೊಂಬತ್ತೈದು ಬಂತು. ಬೇಗ ಬನ್ನಿ," ಎಂದು ಬರೆದಿದ್ದಳು.

ಅವನು ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಆ ಶನಿವಾರ ಮಣ್ಣು ಮಾಡಿ ಬಂದರು. ಬಂದವರೆಲ್ಲ ಗೇಟಿನ ಬಳಿ ಇಟ್ಟಿದ್ದ ಲೋಳೆಸರದ ನೀರಿನಲ್ಲಿ ಕೈ ತೊಳೆದುಕೊಂಡು, ಊಟ ಮಾಡಿ, ತಂತಮ್ಮ ಊರಿಗೆ ಹೊರಟುಹೋದರು. ಡಿಕ್ಕಿಯ ಬಾಟಲಿಗಳ ಬಗ್ಗೆ ಯಾರೂ ಕೇಳಲಿಲ್ಲ.

ಸೋಮವಾರ ಮೊಯೆಕೆತ್ಸಿ ಬಂಕಿಗೆ ಹೋದ. ಅಲ್ಲಿ ಹೋಗಿ ಏನು ಮಾಡಬೇಕೆಂದು ಅವನಿಗೇ ಗೊತ್ತಿರಲಿಲ್ಲ, ಪೆಟ್ರೋಲ್ ತೋರಿಸುವ ಮುಳ್ಳು ಕೆಳಗಿಳಿದಿತ್ತು, ಅಷ್ಟೆ. ದಿಸೆಬೊ ಓಡಿ ಬಂದಳು, ಆದರೆ ಏನೂ ಕೇಳಲಿಲ್ಲ. ಪಕ್ಕದ ಸೀಟಿನ ಕಡೆಯ ಗಾಜನ್ನು ಒರೆಸತೊಡಗಿ, ಒರೆಸಿದ್ದನ್ನೇ ಒರೆಸುತ್ತ ನಿಂತಳು. ದಿಸೆಬೊ ಎಂದರೆ ಪಿಸುಮಾತು, ಚಾಡಿ. ಹೆಸರಿಗೆ ತಕ್ಕಂತೆ ಊರಿನ ಸುದ್ದಿಯೆಲ್ಲ ಅವಳ ನಾಲಿಗೆಯ ಮೇಲೆ ಇರುತ್ತಿತ್ತು. ಒಂದನ್ನು ಮಾತ್ರ ಆರು ದಿನದಿಂದ ಒಳಗೆ ಇಟ್ಟುಕೊಂಡಿದ್ದಳು.

"ನ್ತಾತೆ, ಮ್ಮೆ ನನಗೆ ಮಂಗಳವಾರ ಫೋನ್ ಮಾಡಿದ್ರು."

ಅವನು ತಲೆ ಎತ್ತಿದ.

"ತೊಂಬತ್ತಮೂರು ಹಾಕ್ಕೊಂಡು ಸಮುದ್ರಕ್ಕೆ ಹೋಗಬಹುದಾ ಅಂತ ಕೇಳಿದ್ರು. ಆರಾಮಾಗಿ ಹೋಗಬಹುದು ಮ್ಮೆ, ನ್ತಾತೆಯ ಕಾರಿಗೆ ಏನೂ ಆಗಲ್ಲ ಅಂದೆ. ನಾನೇ ಬಂದು ಅವರಿಗೆ ಹೇಳ್ಲಾ ಅಂತ ಕೇಳಿದೆ. ಬೇಡ ಅಂದ್ರು."

"ಯಾಕಂತೆ?"

ದಿಸೆಬೊ ಬಟ್ಟೆಯನ್ನು ಹಿಂಡಿದಳು. "'ಅವನಿಗೆ ಭಯ ಆಗಿದೆ ಕಣೆ, ದಾರಿಲಿ ನಾನು ಸತ್ರೆ ಅಂತ. ಅದನ್ನ ಪೆಟ್ರೋಲ್ ಮೇಲೆ ಹಾಕ್ತಿದ್ದಾನೆ. ಗುರುವಾರದವರೆಗೆ ಧೈರ್ಯ ತಂದ್ಕೊಳ್ಳಲಿ. ನಾನು ಕಾಯ್ತೀನಿ' ಅಂದ್ರು."

ಮೊಯೆಕೆತ್ಸಿ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಮಮೆಲ್ಲೊ ಹೇಳಿದ್ದು ನಿಜ. ಹೋದ ಸೋಮವಾರ ಅದೇ ಜಾಗದಲ್ಲಿ ನಿಂತು ಹ್ಯಾರಿಸ್ಮಿತ್ತಿನ ಮಾತು ಕೇಳಿದಾಗಲೂ ಅದು ಅವನಿಗೆ ಗೊತ್ತಿತ್ತು. ಸೀಟಿನಲ್ಲಿ ಅವಳ ತಲೆ ವಾಲಿಬಿಟ್ಟರೆ, ತಾನೊಬ್ಬನೇ ಆ ಘಾಟಿಯಲ್ಲಿ ಲಾರಿಗಳ ನಡುವೆ ಏನು ಮಾಡುವುದೆಂದು ಅವನು ಹೆದರಿದ್ದ. ಟ್ಯಾಂಕರ್ ಗುರುವಾರ ಬರುತ್ತದೆ ಎಂಬ ಮಾತು ಅವನಿಗೆ ಕೆಟ್ಟ ಸುದ್ದಿಯಾಗಿರಲೇ ಇಲ್ಲ. ಆವತ್ತು ಎದೆಯಿಂದ ಇಳಿದ ಮೂಟೆ ಅದೇ.

"ತೊಂಬತ್ತೈದು ಇದೆ ನ್ತಾತೆ ಈಗ," ಎಂದಳು ದಿಸೆಬೊ ಮೆಲ್ಲಗೆ.

"ಬೇಡ. ತೊಂಬತ್ತಮೂರು. ಫುಲ್."

ಮನೆಗೆ ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ಬಂಕಿನಿಂದ ನೇರ ಹೊರಟ. ಹ್ಯಾರಿಸ್ಮಿತ್ ಅರ್ಧ ಗಂಟೆಯಲ್ಲಿ ಬಂತು, ಹೆದ್ದಾರಿಯ ಬದಿಗೆ ಸಾಲಾಗಿ ನಾಲ್ಕು ಬಂಕುಗಳಿದ್ದವು. ಅವನು ಯಾವುದರ ಕಡೆಗೂ ತಿರುಗಲಿಲ್ಲ. ವ್ಯಾನ್ ರೀನನ್ ಘಾಟಿ ಇಳಿಯುವಾಗ ರೇಡಿಯೋ ಆರಿಸಿ, ಕಿಟಕಿ ಏರಿಸಿ, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತ. ಲೇಡಿಸ್ಮಿತ್ ದಾಟಿತು. ಗಾಳಿ ಬೆಚ್ಚಗಾಯಿತು, ದಪ್ಪವಾಯಿತು, ಕಬ್ಬಿನ ಗದ್ದೆಗಳು ಬಂದವು. ಏರಿನಲ್ಲಿ ಬೇಕೆಂದೇ ಗೇರ್ ಬದಲಿಸದೆ ಕಾಲು ಒತ್ತಿದ.

ಕೆಮ್ಮು, ಎಂದ ಕಾರಿಗೆ. ಒಂದೇ ಒಂದು ಸಲ ಕೆಮ್ಮು.

ಕಾರು ಕೆಮ್ಮಲಿಲ್ಲ. ಕೊಟ್ಟಿದ್ದನ್ನು ಕುಡಿದು, ಒಂದು ಟಕ್ ಎಂಬ ಸದ್ದೂ ಇಲ್ಲದೆ, ಮುನ್ನೂರೈವತ್ತು ಕಿಲೋಮೀಟರ್ ಸುಗಮವಾಗಿ ಓಡಿ ಅವನನ್ನು ಸಮುದ್ರದ ಮುಂದೆ ತಂದು ನಿಲ್ಲಿಸಿತು. ನಾಲ್ಕು ಗಂಟೆಯೂ ಹಿಡಿದಿರಲಿಲ್ಲ. ಹೋದ ಸೋಮವಾರ ಮಧ್ಯಾಹ್ನ ಹೊರಟಿದ್ದರೂ ಸಂಜೆಯ ಬೆಳಕಿನಲ್ಲಿ ಅವಳು ಇಲ್ಲಿ ಇರುತ್ತಿದ್ದಳು. ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿ, ಆ ಮನೆಯಲ್ಲಿ ಜನರ ಮುಂದೆ ಅಳದ ಅಳುವನ್ನೆಲ್ಲ ಅತ್ತ.

ಆಮೇಲೆ ಪ್ಯಾಂಟು ಮಡಚಿ, ಬಾಟಲಿಗಳನ್ನು ಚೀಲದಲ್ಲಿ ಹೊತ್ತು ನೀರಿಗಿಳಿದ. ಒಂದೊಂದರ ಚೀಟಿ ಓದಿ ತುಂಬಿದ. ಅವಳ ಅಕ್ಷರ ಕೊನೆಕೊನೆಗೆ ನಡುಗಿತ್ತು. ಹದಿನಾರನೆಯದು ದಿಸೆಬೊಳದು, ಹದಿನೇಳನೆಯದು ಅವನ ತಂಗಿಯದು. ಮಮೆಲ್ಲೊ ಎಂಬ ಹೆಸರಿನ ಬಾಟಲಿ ಇರಲಿಲ್ಲ. ಮತ್ತೊಮ್ಮೆ ಎಲ್ಲವನ್ನೂ ತಿರುಗಿಸಿ ನೋಡಿದ. ಆಗ ಹೊಳೆಯಿತು: ಅವಳು ತಾನೇ ಬರುವವಳಿದ್ದಳು, ಅವಳಿಗೇಕೆ ಬಾಟಲಿ.

ಡಿಕ್ಕಿಯ ಮೂಲೆಯಲ್ಲಿ ರೇಡಿಯೇಟರಿಗೆಂದು ಅವನು ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಐದು ಲೀಟರಿನ ಕ್ಯಾನು ಇತ್ತು. ಅದರ ನೀರನ್ನು ಮರಳಿಗೆ ಸುರಿದು, ಮೂರು ಸಲ ತೊಳೆದು, ಸಮುದ್ರ ತುಂಬಿದ. ಘಾಟಿಯಲ್ಲಿ ಇಂಜಿನ್ ಕಾದರೆ ಎಂಬ ಚಿಂತೆ ಅವನಿಗೆ ಆಗ ಬರಲಿಲ್ಲ. ಮರುದಿನ ಬೆಳಿಗ್ಗೆ ಊರಿಗೆ ಮರಳಿ, ಹಸಿ ಮಣ್ಣಿನ ಗೋರಿಯ ಮೇಲೆ ಆ ಕ್ಯಾನನ್ನು ನಿಧಾನವಾಗಿ ಬಗ್ಗಿಸಿದ. "ತೊಂಬತ್ತೈದು, ಮ್ಮೆ," ಎಂದ. ಮಣ್ಣು ಅದನ್ನು ಕುಡಿದುಬಿಟ್ಟಿತು.

ಶನಿವಾರ ಒಂಬತ್ತಕ್ಕೆ ಬಿಳಿ ಕೊರೊಲಾ ಬಂಕಿಗೆ ಬಂತು. ಮೊಯೆಕೆತ್ಸಿ ದಿಸೆಬೊಗೆ ಅವಳ ಬಾಟಲಿ ಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅವಳ ಬಾಯಿಗೆ ಹಳೆಯ ಮಾತೇ ಬಂತು.

"ತೊಂಬತ್ತಮೂರೋ ತೊಂಬತ್ತೈದೋ, ನ್ತಾತೆ?"

ಅವಳು ಕಾದಳು. ಈ ಊರು ಎಷ್ಟು ಎತ್ತರದಲ್ಲಿದೆ ಎಂದು ಅವನು ಕೇಳಲಿಲ್ಲ.

"ಯಾವುದಾದ್ರೂ ಹಾಕಮ್ಮ," ಎಂದ.