ಕೇಬಲ್ ರಾಶಿಯ ಮೇಲೆ ಉಚ್ಚೆಂಗೆಪ್ಪ

ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದ ಹತ್ತಿರ ಹೊಳೆದಂಡೆಗೆ ಮೋಟಾರು ಕೂರಿಸಿದವರಿಗೆಲ್ಲ ಒಂದೇ ಗೋಳು. ಹೊಳೆಯಲ್ಲಿ ನೀರಿದೆ, ಕಂಬದಲ್ಲಿ ಕರೆಂಟಿದೆ, ನಡುವಿನ ಕೇಬಲ್ ಮಾತ್ರ ಇಲ್ಲ. ಬೆಳಗಾಗುವುದರೊಳಗೆ ಯಾರೋ ಕತ್ತರಿಸಿಕೊಂಡು ಹೋಗಿರುತ್ತಾರೆ. ಒಳಗಿನ ತಾಮ್ರ ಅವರ ಪಾಲು, ತಾಪತ್ರಯ ರೈತನ ಪಾಲು.

ಉಚ್ಚೆಂಗೆಪ್ಪನ ಕೇಬಲ್ ಹೋದ ಬೆಳೆಯಲ್ಲಿ ಒಮ್ಮೆ ಹೋಗಿತ್ತು. ಈ ಬೆಳೆಯಲ್ಲಿ ಮತ್ತೆ ಹೋಯಿತು. ಅದೂ ಎಂಥ ಹೊತ್ತಿನಲ್ಲಿ? ಭತ್ತದ ತೆನೆ ಹೊರಬಿದ್ದು ಕಾಳಿಗೆ ಹಾಲು ತುಂಬುವ ಹೊತ್ತಿನಲ್ಲಿ. ಆಗ ನೀರು ತಪ್ಪಿದರೆ ತೆನೆಯಲ್ಲಿ ಉಳಿಯುವುದು ಜೊಳ್ಳು.

ಹೋದ ಸಲದಂತೆ ಈ ಸಲವೂ ಕಳ್ಳ ಸಿಕ್ಕಿಬಿದ್ದ. ಬೆಳಿಗ್ಗೆ ಹೊಲಕ್ಕೆ ಹೊರಟಿದ್ದ ಹುಡುಗರು ದಂಡೆಯ ಜಾಲಿಗಿಡಗಳ ಮರೆಯಲ್ಲಿ ಕೇಬಲ್ ಸುತ್ತುತ್ತಿದ್ದವನನ್ನು ಕಂಡರು. ಓಡುವಾಗ ಎಡವಿ ಬಿದ್ದು ಅವನ ಹುಬ್ಬು ಹರಿದಿತ್ತು. ಹುಡುಗರು ಅವನನ್ನು ಜಾಲಿಮರಕ್ಕೆ ಕಟ್ಟಿದರು. ಪಕ್ಕದಲ್ಲಿ ಕದ್ದ ಕೇಬಲ್‌ಗಳ ರಾಶಿ. ಉಚ್ಚೆಂಗೆಪ್ಪನದು, ಪಕ್ಕದ ಹೊಲದ ಎರ್ರಿಯದು, ಇನ್ನೂ ನಾಲ್ಕಾರು ಮಂದಿಯದು.

ಉಚ್ಚೆಂಗೆಪ್ಪ ಹೆಂಡತಿ ದೊಡ್ಡಬಸಮ್ಮನ ಜೊತೆ ಓಡಿ ಬರುವಷ್ಟರಲ್ಲಿ ಅರ್ಧ ಊರು ಸೇರಿತ್ತು. ಎಲ್ಲರಿಗಿಂತ ಮುಂದೆ ನಿಂತಿದ್ದವನು ಅವರ ಮಗ ಪರಶು. ಕೈಯಲ್ಲಿ ಗುದ್ದಲಿ ಕಾವು.

"ಏನಲೇ ನಿನ್ನ ಹೆಸರು?" ಅಂದ ಪರಶು.

"ಪಾಲಯ್ಯ."

"ಇವನ್ನ ನಾ ನೋಡೀನಿ," ಅಂದಳು ದೊಡ್ಡಬಸಮ್ಮ. "ಹಳೇ ಕಬ್ಬಿಣ ತಗೊಂಡು ಬಳ್ಳೊಳ್ಳಿ ಕೊಡಾಕ ನಮ್ಮ ಓಣಿಗೆ ಬರ್ತಿದ್ದ."

"ಹಗಲು ಬಳ್ಳೊಳ್ಳಿ ಕೊಡೋದು, ಕತ್ತಲಾದ್ರ ನಮ್ಮನ್ನ ಸುಲಿಯೋದು," ಅಂದ ಎರ್ರಿ. ಎರ್ರಿಗೆ ಯಾರ ದನಿ ಬೇಕಾದರೂ ಬರುತ್ತದೆ. ಮೂಗು ಹಿಡಿದು, ಪಾಲಯ್ಯ ಓಣಿಯಲ್ಲಿ ಕೂಗುವಂತೆಯೇ ಎಳೆದು ಕೂಗಿದ. "ಹಳೇಏ ಕಬ್ಬಿಣಾ... ಹೊಸಾಆ ಕೇಬಲ್ಲಾ..."

ಹುಡುಗರು ನಕ್ಕರು. ಪರಶು ನಗಲಿಲ್ಲ. ಕಾವು ಮೇಲೆತ್ತಿದ.

"ಕೊಟ್ಟೊದ್ದು ಅಣ್ಣಾ," ಅಂದ ಪಾಲಯ್ಯ. ಹೊಡೀಬೇಡ ಅಣ್ಣಾ ಎಂದು. ಭಯಕ್ಕೆ ಅವನ ಬಾಯಲ್ಲಿ ಮನೆಮಾತು ಬಂದಿತ್ತು. ಎರ್ರಿಯ ತಾಯಿ ಮನೆಯಲ್ಲಿ ಆಡುವುದೂ ಅದೇ ತೆಲುಗು. ಆ ದನಿಯನ್ನು ಎರ್ರಿ ಅಣಕಿಸಲಿಲ್ಲ.

ಅಷ್ಟರಲ್ಲಿ ನೀಲಾವತಿ ಗುಂಪಿನೊಳಗೆ ನುಗ್ಗಿದಳು. ಕುರುಗೋಡಿನಿಂದ ಈ ಊರಿಗೆ ಸೊಸೆಯಾಗಿ ಬಂದವಳು, ದೊಡ್ಡಬಸಮ್ಮನ ಮಹಿಳಾ ಸಂಘದ ಗೆಳತಿ. ಬಂದವಳೇ ಕಾವಿನ ತುದಿ ಹಿಡಿದಳು.

"ಇಳಸು ಪರಶು. ನೂರಾ ಹನ್ನೆರಡಕ್ಕ ಫೋನ್ ಮಾಡೀನಿ. ಪೊಲೀಸರು ಸಿರುಗುಪ್ಪದಿಂದ ಹೊಂಟಾರ."

"ಯಾಕ ಮಾಡಿದ್ಯವ್ವಾ?" ಅಂದ ಉಚ್ಚೆಂಗೆಪ್ಪ. "ಅವ್ರು ಬಂದು ಏನ್ ಮಾಡ್ತಾರ? ಕರ್ಕೊಂಡು ಹೋಗ್ತಾರ, ಚಾ ಕುಡಿಸ್ತಾರ, ಬಿಡ್ತಾರ. ಹೋದ ಬೆಳಿಯಾಗ ಒಬ್ಬನ್ನ ಹಿಡಿದಿದ್ವಿ. ಏನಾತು? ಅವನು ಆರಾಮ ಮನಿಗೆ ಹೋದ. ನಮ್ಮ ಹುಡುಗರು ಠಾಣ್ಯಾಗ ಕುಂತ್ರು. ಇದಾ ಏನು ನ್ಯಾಯ?"

"ಹೌದು, ಹೋದ. ಅವನು ಕದ್ದ ಮಾಲು ಪೊಲೀಸರಿಗೆ ತೋರಿಸಿದ್ರೇನು?"

"ಮಾಲು ಎಲ್ಲಿಂದ ತೋರಸಾಣ? ತ್ರೀ ಫೇಸ್ ಕರೆಂಟು ಬಂತು. ನಮ್ಮ ನಮ್ಮ ಕೇಬಲ್ ನಾವು ತಗೊಂಡು ಮೋಟಾರಿಗೆ ಜೋಡಿಸಿದ್ವಿ. ಭತ್ತ ಒಣಗಸಬೇಕಿತ್ತೇನು?"

"ಅಂದ್ರ ಪೊಲೀಸರು ಬಂದಾಗ ಇಲ್ಲಿ ಏನಿತ್ತು ಮಾವಾ?"

ಉಚ್ಚೆಂಗೆಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ನಾ ಹೇಳ್ತೀನಿ," ಅಂದಳು ನೀಲಾವತಿ. "ಬಾತ ಮುಖದ ಒಬ್ಬ ಮನುಷ್ಯಾ ಇದ್ದ. ಸುತ್ತ ಬಡಿಗಿ ಹಿಡಕೊಂಡ ಮಂದಿ ಇದ್ರು. ಕದ್ದ ಮಾಲಿಲ್ಲ, ಕಂಪ್ಲೇಂಟ್ ಕೊಡಾಕ ಯಾರೂ ಮುಂದ ಬರಲಿಲ್ಲ. ಹೊರಗಿನೋರು ನೋಡಿದ್ರ ಅಲ್ಲಿ ಕಳ್ಳ ಯಾರು ಅಂತಾರ? ಅವನ ಕೇಸು ನಾವಾ ಬಿಚ್ಚಿ, ಹರದು ಹಂಚಿಕೊಂಡ್ವಿ."

ಗುಂಪು ಸ್ವಲ್ಪ ಮೆತ್ತಗಾಯಿತು. ಪರಶು ಮಾತ್ರ ಬಿಡಲಿಲ್ಲ. "ಅಕ್ಕಾ, ಸಾಯಂಗ ಹೊಡಿಯಲ್ಲ. ಬರೀ ಎರಡು ಏಟು. ಬುದ್ಧಿ ಬರ್ಲಿ."

ನೀಲಾವತಿ ಅವನ ಮುಖವನ್ನೇ ನೋಡಿದಳು.

"ನಮ್ಮಣ್ಣ ಕರಿಬಸವನೂ ಹಂಗ ಅಂದಿದ್ದ ಪರಶು. ಕುರುಗೋಡಿನಾಗ ಮೆಣಸಿನಕಾಯಿ ಕಣಕ್ಕ ಬಂದು ಒಬ್ಬ ಚೀಲ ಹೊತ್ತಿದ್ದ. ಹಿಡಿದ್ರು. ಅಣ್ಣ ಹೊಡದದ್ದು ಎರಡಾ ಏಟಂತ. ಕಣದಾಗಿದ್ದ ಎಲ್ಲಾರೂ ಎರಡಾ ಅಂತಾರ. ಮನುಷ್ಯಾ ಸತ್ತ."

ನೀಲಾವತಿ ಕಾವಿನ ತುದಿ ಬಿಡಲಿಲ್ಲ.

"ಈಗ ಆ ಚೀಲದ ಸುದ್ದಿ ಯಾರೂ ಎತ್ತಲ್ಲ. ಕೇಳೋದು ಕೊಲಿ ಸುದ್ದಿ. ನಮ್ಮತ್ತಿಗಿ ಬಳ್ಳಾರಿ ಜೈಲಿಗೆ ಹೋಗಿ ಜಾಳಿಗಿ ಆಕಡಿಂದ ಗಂಡನ್ನ ನೋಡಿ ಬರ್ತಾಳ. ಅಪ್ಪ ಎಲ್ಲ್ಯದಾನ ಅಂತ ಸಾಲ್ಯಾಗ ಕೇಳಿದ್ರ ಅವನ ಮಗಳು ಬಳ್ಳಾರ್ಯಾಗ ಅದಾನ ಅಂತಾಳ. ಸುಳ್ಳಲ್ಲ."

ದೊಡ್ಡಬಸಮ್ಮ ಮಗನ ಹತ್ತಿರ ಹೋಗಿ ಕೈಯಿಂದ ಕಾವು ಬಿಡಿಸಿಕೊಂಡಳು. ಅವನು ಕೊಟ್ಟ.

"ಹಂಗಾರ ಕಳ್ಳರನ್ನ ಪೂಜಿ ಮಾಡಬೇಕಾ?" ಅಂದ ಉಚ್ಚೆಂಗೆಪ್ಪ. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

"ಬ್ಯಾಡ ಮಾವಾ. ಹಿಡೀರಿ. ಕಣ್ಣ ಮುಂದ ಇಂಥ ಕಳವು ಮಾಡಿದೋನ್ನ ಹಿಡಿಯೋ ಹಕ್ಕು ನಮಗೂ ಐತಿ. ಆದ್ರ ತಡಾ ಮಾಡದ, ಆರು ತಾಸಿನೊಳಗ ಪೊಲೀಸರಿಗೆ ಒಪ್ಪಿಸಬೇಕು. ಹಿಡಿಯೋದು ನಮ್ಮ ಕೆಲಸ. ಶಿಕ್ಷಾ ಕೊಡೋದು ಕೋರ್ಟಿನ ಕೆಲಸ."

"ಕೋರ್ಟು ಜಾಮೀನು ಕೊಟ್ಟು ಕಳಸ್ತೈತಿ," ಅಂದ ಎರ್ರಿ.

"ಕೊಡಬಹುದು. ಜಾಮೀನು ಅಂದ್ರ ಬಿಡುಗಡಿ ಅಲ್ಲೋ ಎರ್ರಿ. ಕೇಸು ಹಂಗಾ ಇರ್ತೈತಿ, ಕರದಾಗೆಲ್ಲ ಬರಬೇಕು, ತಪ್ಪು ಸಾಬೀತಾದ್ರ ಶಿಕ್ಷಾ ಆಗ್ತೈತಿ. ಸಾಬೀತು ಮಾಡಾಕ ಏನು ಬೇಕು? ಅಗೋ, ಆ ರಾಶಿ ಬೇಕು. ಏ ಹುಡುಗ್ರಾ, ಮೊಬೈಲಿನಾಗ ಅವನ ಮುಖ ಹಿಡದು ಊರಿಗೆಲ್ಲ ಕಳಸಬ್ಯಾಡ್ರಿ. ರಾಶಿ ಹೆಂಗ ಬಿದ್ದೈತೋ ಹಂಗ ವಿಡಿಯೋ ಮಾಡ್ರಿ. ಅದನ್ನ ಪೊಲೀಸರಿಗೆ ಕೊಡ್ರಿ."

ಸರಿಯಾಗಿ ಆಗಲೇ ಆಚೆ ಹೊಲದ ಗವಿಸಿದ್ದೇಶನ ಮೋಟಾರು ಗುರ್ರೆಂದಿತು. ತ್ರೀ ಫೇಸ್ ಬಂದಿತ್ತು. ಅವನ ಕೇಬಲ್ ಮಾತ್ರ ಕಳ್ಳರ ಕೈಗೆ ಸಿಕ್ಕಿರಲಿಲ್ಲ.

ಗುಂಪಿಗೆ ಗುಂಪೇ ರಾಶಿಯ ಕಡೆಗೆ ತಿರುಗಿತು. ಯಾರನ್ನೂ ಬೈಯುವಂತಿಲ್ಲ. ಕರೆಂಟು ಇರುವುದು ಕೆಲವು ತಾಸು, ಹಾಲುಗಾಳು ಬಾಯಾರಿ ನಿಂತಿದೆ, ತಮ್ಮದೇ ಕೇಬಲ್ ತಮ್ಮ ಕಣ್ಣೆದುರು ಬಿದ್ದಿದೆ. ಎರ್ರಿ ತನ್ನ ಕೆಂಪು ಬಣ್ಣ ಬಳಿದ ತುದಿ ಗುರುತು ಹಿಡಿದು ಬಗ್ಗಿಯೂ ಬಿಟ್ಟ.

ಉಚ್ಚೆಂಗೆಪ್ಪ ತನ್ನ ಹೊಲದ ಕಡೆ ನೋಡಿದ. ಮಗನ ಕಡೆ ನೋಡಿದ. ಆಮೇಲೆ ಎರ್ರಿಯನ್ನು ಸರಿಸಿ, ಧೋತರ ಎತ್ತಿಕಟ್ಟಿ, ಆ ರಾಶಿಯ ಮೇಲೆ ಹೋಗಿ ಕುಳಿತುಬಿಟ್ಟ.

"ಏ ಮಾವಾ, ಏಳು. ನನ್ನ ಕೇಬಲ್ ಮ್ಯಾಲ ಕುಂತೀದಿ," ಅಂದ ಎರ್ರಿ.

"ನಂದರ ಮ್ಯಾಲೂ ಕುಂತೀನಿ. ಪೊಲೀಸರು ಬರೋತನ ಯಾರೂ ಮುಟ್ಟಂಗಿಲ್ಲ."

"ಭತ್ತ ಒಣಗ್ತೈತಲ್ಲೋ."

"ನಂದೂ ಒಣಗ್ತೈತಿ. ಹೋದ ಸಲ ಕೇಬಲ್ ತಗೊಂಡ್ವಿ, ಕಳ್ಳನ್ನ ಬಿಟ್ವಿ. ಈ ಸಲ ಒಂದು ದಿನ ತಡಕೊಳ್ಳಾಣ. ಪರಶು, ಅವನ್ನ ಬಿಚ್ಚು. ನಾಕು ಮಂದಿ ಸುತ್ತ ಕುಂದ್ರಿ, ಎಲ್ಲಿಗೂ ಹೋಗಲ್ಲ. ಕುಡಿಯಾಕ ನೀರು ಕೊಡು."

ಪರಶು ಒಂದು ಕ್ಷಣ ಅಪ್ಪನನ್ನು ನೋಡಿದ. ನಂತರ ಹಗ್ಗ ಬಿಚ್ಚಿ, ತನ್ನ ಬಾಟಲಿಯನ್ನೇ ಪಾಲಯ್ಯನ ಕೈಗಿಟ್ಟ. ಪಾಲಯ್ಯ ಕುಡಿಯುವಾಗ ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

ಜೀಪಿನಲ್ಲಿ ಬಂದವರು ಹೆಡ್ ಕಾನ್‌ಸ್ಟೆಬಲ್ ಶೈಲಜಾ ಮತ್ತು ಇನ್ನಿಬ್ಬರು. ರಾಶಿಯ ಮೇಲೆ ಕುಳಿತ ಮುದುಕನನ್ನು ನೋಡಿ ಶೈಲಜಾ, "ಇವರನ್ನೂ ಜಪ್ತಿ ಮಾಡಬೇಕಾ?" ಎಂದರು. ಬೆಳಗಿನಿಂದ ಬಿಗಿದಿದ್ದ ಮುಖಗಳು ಆಗ ಸಡಿಲವಾದವು.

ಪೊಲೀಸರು ಸಾಕ್ಷಿಗಳ ಎದುರು ಪಂಚನಾಮೆ ಮಾಡಿದರು. ಯಾವ ಕೇಬಲ್ ಯಾರದು, ಗುರುತು ಏನು ಎಂದು ಬರೆದುಕೊಂಡರು. ಪಾಲಯ್ಯನ ಹುಬ್ಬಿಗೆ ಮೊದಲು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸುತ್ತೇವೆ ಎಂದರು. ಉಚ್ಚೆಂಗೆಪ್ಪ ದೂರು ಕೊಟ್ಟ.

"ಎಫ್‌ಐಆರ್ ಪ್ರತಿ ನಿಮಗ ಪುಕ್ಕಟೆ ಕೊಡ್ತೀವಿ. ಕೇಳಿ ಇಸ್ಕೊಳ್ರಿ," ಅಂದರು ಶೈಲಜಾ. "ಕೇಬಲ್ ಕೇಸು ಮುಗಿಯೋತನ ಠಾಣ್ಯಾಗ ಕೊಳಿಯಂಗಿಲ್ಲ. ಕೋರ್ಟಿಗೆ ಅರ್ಜಿ ಹಾಕ್ರಿ. ಫೋಟೋ ತಗದು, ಮುಚ್ಚಳಿಕಿ ಬರಸ್ಕೊಂಡು, ನಿಮಗ ವಾಪಸ್ ಕೊಡಾಕ ಕೋರ್ಟು ಹೇಳಬಹುದು."

"ಅಲ್ಲಿತನ ನನ್ನ ಭತ್ತ?"

ಉತ್ತರ ಕೊಟ್ಟವನು ಜೀಪು ಕಂಡು ಬಂದಿದ್ದ ಗವಿಸಿದ್ದೇಶ. "ನನ್ನ ಪೈಪು ನಿನ್ನ ಹೊಲಕ್ಕ ತಿರುವ್ತೀನಿ ಮಾವಾ. ಒಂದು ಪಾಳಿ ನಂದು, ಒಂದು ಪಾಳಿ ನಿಮ್ಮೋರದು."

ಹಾಗೆಯೇ ಮಾಡಿದರು. ಎಲ್ಲರಿಗೂ ನೀರು ಸಾಲಲಿಲ್ಲ ಎಂಬುದೂ ನಿಜ. ಉಚ್ಚೆಂಗೆಪ್ಪನ ದಿಬ್ಬದ ಮಡಿಯಲ್ಲಿ ಜೊಳ್ಳು ಬಿತ್ತು. ಎರ್ರಿ ಅದನ್ನು ಹೇಳಿ ಹೇಳಿ ಕಾಡಿದ. ಆದರೆ ಪಾಲಯ್ಯ ಕೊಟ್ಟ ಸುಳಿವಿನಿಂದ ಆ ತಾಮ್ರ ಕೊಳ್ಳುತ್ತಿದ್ದ ಗುಜರಿ ವ್ಯಾಪಾರಿಯೂ ಸಿಕ್ಕ. ಕೊಳ್ಳುವವನು ಸಿಕ್ಕ ಮೇಲೆ ಆ ದಂಡೆಯಲ್ಲಿ ಕತ್ತರಿಸುವವರು ಕಡಿಮೆಯಾದರು.

ಪಾಲಯ್ಯನಿಗೆ ಜಾಮೀನು ಸಿಕ್ಕಿತು. ಕೇಸು ನಡೆಯಿತು. ಸಾಕ್ಷಿ ಹೇಳಲು ಪರಶುವನ್ನು ಕೋರ್ಟು ಕರೆಯುವ ಹೊತ್ತಿಗೆ ಮತ್ತೊಂದು ಬೆಳೆ ಬಂದು ಹೋಗಿತ್ತು. ದೊಡ್ಡಬಸಮ್ಮ ಅಂದು ಮಧ್ಯಾಹ್ನದಿಂದ ಬಾಗಿಲಲ್ಲೇ ಕುಳಿತಿದ್ದಳು. ಪಕ್ಕದಲ್ಲಿ ನೀಲಾವತಿ.

"ಸಾಕ್ಷಿ ಹೇಳಾಕ ಹೋದೋರು ಬರ್ತಾರವ್ವಾ," ಅಂದಳು ನೀಲಾವತಿ. ಅವಳಣ್ಣ ಆರೋಪಿಯ ಕಟಕಟೆಯಲ್ಲಿ ನಿಂತಿದ್ದವನು, ಮನೆಗೆ ಬಂದಿರಲಿಲ್ಲ.

ಸಂಜೆ ಬಸ್ಸು ಬಂತು. ಪರಶು ಇಳಿದು ಬಂದು, ಚಪ್ಪಲಿ ಬಿಟ್ಟು, "ಯವ್ವಾ, ಹಸಿವಾಗೈತಿ," ಅಂದ. ದೊಡ್ಡಬಸಮ್ಮ ಎದ್ದು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳಿಸಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಲ್ಲೂ ಕಳವಾಗುತ್ತದೆ. ನಿಮ್ಮ ಸಿಟ್ಟು ಸುಳ್ಳಲ್ಲ. ಕಳ್ಳ ಸಿಕ್ಕರೆ ಹಿಡಿಯಿರಿ, ಹೊಡೆಯಬೇಡಿ. ನೂರಾ ಹನ್ನೆರಡಕ್ಕೆ ಫೋನ್ ಮಾಡಿ. ಕದ್ದ ಮಾಲು ನಿಮ್ಮದೇ ಆಗಿದ್ದರೂ ಪೊಲೀಸರು ಬರುವ ತನಕ ಮುಟ್ಟಬೇಡಿ, ಮುಟ್ಟಲು ಬಿಡಬೇಡಿ. ದೂರು ಕೊಡಿ, ಕರೆದಾಗ ಹೋಗಿ ಸಾಕ್ಷಿ ಹೇಳಿ. ಕಾನೂನಿನ ನೆರವು ಬೇಕಾದರೆ ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಎತ್ತಿದ ಕೈಯನ್ನು ಹಿಡಿಯಲು ಒಬ್ಬರು ಸಾಕು. ಆ ಒಬ್ಬರು ನೀವಾಗಿ. ನಿಮ್ಮ ಮನೆಯ ಹುಡುಗ ಸಂಜೆ ಊಟಕ್ಕೆ ಮನೆಗೆ ಬರಲಿ.