ಹೆಬ್ಬೆರಳಿನ ಗುಳಿ

ಲವಂಗ, ಮೊದಲು ಲವಂಗದ ವಾಸನೆ, ಆಮೇಲೆ ನೀರಿನ ಸದ್ದು, ಇಲ್ಲಿ ಎಂದೂ ಇಲ್ಲದ ವಾಸನೆ, ಆಫೀಸಿನ ಈ ಕೈತೊಳೆಯುವ ಕೋಣೆಯಲ್ಲಿ ಫಿನಾಯಿಲ್ ಬಿಟ್ಟರೆ ತುಕ್ಕಿನ ವಾಸನೆ ಅಷ್ಟೇ, ಯಾರಿಗೋ ಹಲ್ಲುನೋವಿರಬೇಕು, ಬಾಯಲ್ಲಿ ಲವಂಗ ಇಟ್ಟುಕೊಂಡು ಈಗಷ್ಟೇ ಹೊರಗೆ ಹೋಗಿರಬೇಕು — ಅಲ್ಲ, ಸೋಪು. ಬೇಸಿನ್ನಿನ ಅಂಚಿನಲ್ಲಿ ಸೋಪು, ಕಂದು ಬಣ್ಣದ್ದು, ಸ್ವಲ್ಪ ಸವೆದದ್ದು, ಒಂದು ಮೂಲೆಯಲ್ಲಿ ಗುಳಿ, ಗುಳಿಯಲ್ಲಿ ನೀರು. ನಲ್ಲಿ ತಿರುಗಿಸಿದ ಕೈ ನಲ್ಲಿಯ ಮೇಲೇ ಇದೆ, ನೀರು ಸುರಿಯುತ್ತಿದೆ, ನಿಲ್ಲಿಸಬೇಕು, ನೀರು ಪರೀಕ್ಷೆ ಮಾಡುವ ನಾವೇ ನೀರು ಪೋಲು ಮಾಡಿದರೆ ಹೇಗೆ ಎಂದು ಮೇಡಂ ಗೋಡೆಗೆ ಚೀಟಿ ಅಂಟಿಸಿದ್ದಾರೆ, ನಿಲ್ಲಿಸಬೇಕು, ಆ ಗುಳಿ ನನಗೆ ಗೊತ್ತು.

ಇದು ನಮ್ಮ ಮನೆಯದು. ನಮ್ಮ ಮನೆಯದು ಇಲ್ಲಿಗೆ ಹೇಗೆ ಬಂತು, ಕಪಾಟಿನ ಮೇಲಿನ ಸಾಲಿನಲ್ಲಿ ಇರಬೇಕಾದದ್ದು, ಮೇಲಿನ ಸಾಲು ಮಾರುವುದಕ್ಕಲ್ಲ, ಮೇಲಿನ ಸಾಲು ಅವನದು, ನನ್ನ ಗಂಡನದು. ಲವಂಗದೆಣ್ಣೆಯ ಬಾಟಲಿ ಅವನ ಕೈಜಾರಿ ಪಾತ್ರೆಗೇ ಮಗುಚಿ, ಮನೆಯೆಲ್ಲ ಹಲ್ಲಿನ ಡಾಕ್ಟರ ಕೋಣೆಯಾಗಿ, ಅವನು ನಕ್ಕು ನಕ್ಕು ನೆಲದ ಮೇಲೆ ಕೂತು, ಪರವಾಗಿಲ್ಲ ಬಿಡು, ಹಲ್ಲಿಲ್ಲದ ಅಜ್ಜಂದಿರಿಗೆ ಮಾರೋಣ ಅಂದ. ಎಲ್ಲ ಅವನದೇ ಹುಚ್ಚು. ಕೆಮಿಸ್ಟ್ರಿ ಓದಿ ಚಿನ್ನದ ಪದಕ ತಗೊಂಡಿದ್ದು ಕಂಡವರ ಬಾವಿ ನೀರು ಅಲ್ಲಾಡಿಸೋಕಾ ನೀನು, ಎಣ್ಣೆ ಕಾಯಿಸೋಕೆ ನಾನಿದ್ದೀನಿ, ಲೆಕ್ಕಾಚಾರ ನಿಂದು. ಕೆಲಸ ಬಿಡೋಕೆ ಆಗಲ್ಲ ಅಂದೆ. ಬಿಡು ಅಂತ ಯಾರು ಹೇಳಿದ್ರು ಮಾರಾಯ್ತಿ, ಕೆಲಸ ಇರಲಿ, ಪಕ್ಕದಲ್ಲಿ ಇದೂ ಇರಲಿ, ಸಂಬಳ ಅನ್ನೋದು ಗಂಡ ಇದ್ದಂಗೆ, ಅದರ ಪಾಡಿಗೆ ಅದಿರುತ್ತೆ, ಇದು ಮಗು ಇದ್ದಂಗೆ, ಇದನ್ನ ಎದ್ದು ಎದ್ದು ನೋಡ್ಕೋಬೇಕು. ಅದರ ಪಾಡಿಗೆ ಅದಿರುತ್ತೆ ಅಂದ. ಅಚ್ಚಿನಿಂದ ತೆಗೆದು, ತಂತಿಯಲ್ಲಿ ಕೊಯ್ದು, ಗಟ್ಟಿಯಾಯಿತೇ ಎಂದು ಒಂದೊಂದರ ಮೂಲೆಗೂ ಹೆಬ್ಬೆರಳು ಒತ್ತುತ್ತಾನೆ — ಒತ್ತಬೇಡ, ಕಾಸ್ಟಿಕ್ ಸೋಡಾ ಇನ್ನೂ ಉಗ್ರವಾಗಿದೆ, ಚರ್ಮ ಸುಲಿಯುತ್ತೆ, ಗ್ಲೌಸ್ ಹಾಕ್ಕೋ — ಹಿಟ್ಟು ನಾದೋರು ಗ್ಲೌಸ್ ಹಾಕ್ಕೋತಾರೇನೇ, ಬೆರಳಿಗೆ ಗೊತ್ತಾಗಬೇಕು. ಬೆರಳಿಗೆ ಗೊತ್ತಾಯಿತು. ಸಿಪ್ಪೆ ಎದ್ದು ಒಳಗಿನ ಗುಲಾಬಿ ಚರ್ಮ ಕಂಡಿತು, ಮರುದಿನ ಅವನ ಆಫೀಸಿನ ಬಾಗಿಲಲ್ಲಿ ಹಾಜರಿ ಹಾಕುವ ಯಂತ್ರ ಅವನ ಹೆಬ್ಬೆರಳನ್ನು ಒಪ್ಪಲಿಲ್ಲ. ಎಷ್ಟು ಒತ್ತಿದರೂ ಗುರುತು ಸಿಗಲಿಲ್ಲ, ಗುರುತು ಸಿಗಲಿಲ್ಲ ಅಂತಿತ್ತು ಕಣೇ, ಇಷ್ಟು ವರ್ಷ ನಿನ್ನ ಮುಂದೆ ಬೆರಳು ಇಟ್ಟೋನು ನಾನೇ ಅಂತ ಅದಕ್ಕೆ ಹೇಗೆ ಹೇಳೋದು.

ಸೋಪು ಒಣಗುವುದಕ್ಕೆ ಒಂದೂವರೆ ತಿಂಗಳು ಬೇಕು. ಅಷ್ಟರೊಳಗೆ ಅವನು ಅದೇ ಆಫೀಸಿನ ಮೆಟ್ಟಿಲ ಮೇಲೆ ಸುಸ್ತು ಅಂದನಂತೆ, ಕೂತನಂತೆ, ಮತ್ತೆ ಏಳಲಿಲ್ಲವಂತೆ. ಮನೆಗೆ ತಂದು ಮಲಗಿಸಿದಾಗ ಹೊದಿಸಿದ ಬಟ್ಟೆಯ ಹೊರಗೆ ಒಂದು ಕೈ ಇತ್ತು, ಹೆಬ್ಬೆರಳು ಇನ್ನೂ ಗುಲಾಬಿ, ಹೊಸ ಚರ್ಮ ಬರುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ, ಅಳಬಾರದೇನಮ್ಮ, ಒಂದು ಸಲ ಅತ್ತುಬಿಡು ಅಂದರು ಯಾರೋ, ನಾನು ಬೆರಳು ವಾಸಿಯಾಗ್ತಿದೆ ಅಂದೆನಂತೆ.

ಹಾಗಾದರೆ ಅತ್ತೆ. ಅತ್ತೆ ಮಾರಿದ್ದಾರೆ. ಮಗ ಹೋದ ಮೇಲೆ ಗೋಡೆ ನೋಡುತ್ತ ಕೂತವರು ಒಂದು ದಿನ ತಾವಾಗಿ ಎದ್ದು, ಆ ಸೋಪು ಹಾಗೇ ಬಿದ್ದಿದೆಯಲ್ಲ, ಇನ್ನಷ್ಟು ಮಾಡು, ನಾನು ಮಾರ್ತೀನಿ ಅಂದರು, ಬೆಳಿಗ್ಗೆ ನಾನು ಕಾಯಿಸಿ ಅಚ್ಚಿಗೆ ಹೊಯ್ದು ಇಲ್ಲಿಗೆ ಬರುತ್ತೇನೆ, ಹಗಲು ಅವರು ಕಾಗದ ಸುತ್ತುತ್ತಾರೆ, ಬೀದಿಯ ತಿರುವಿನ ಅಂಗಡಿಗೆ ಕೊಡುತ್ತಾರೆ, ಯಾರು ಮಾಡೋದು ಅಂತ ಕೇಳಿದರೆ ನಾನೇ ಅನ್ನುತ್ತಾರೆ. ನನ್ನ ಹೆಸರು ಬರುವ ಹಾಗಿಲ್ಲ, ಬೇರೆ ದುಡಿಮೆ ಇಲ್ಲವೆಂದು ಸಹಿ ಹಾಕಿ ಈ ಕೆಲಸಕ್ಕೆ ಸೇರಿದವಳು ನಾನು, ಎದುರು ಮೇಜಿನ ಮೀಸೆಯಣ್ಣ ಸಂಜೆ ಪಾಠ ಹೇಳುತ್ತಾನೆಂದು ಗೊತ್ತಾದ ವಾರವೇ ಅವನನ್ನು ಮನೆಗೆ ಕಳಿಸಿದರು, ಇಬ್ಬರ ಊಟ ಈ ಸಂಬಳದಲ್ಲಿದೆ. ಹಳೆಯದು ಮೊದಲು ಅತ್ತೆ, ಚೆನ್ನಾಗಿ ಒಣಗಿದ್ದು ಮೊದಲು ಹೋಗಬೇಕು ಎಂದು ನಾನೇ ಹೇಳಿಕೊಟ್ಟೆ, ಲ್ಯಾಬಿನ ಕ್ರಮ ಅದು, ಮೊದಲು ಬಂದ ಸೀಸೆ ಮೊದಲು ಪರೀಕ್ಷೆಗೆ, ಹೊಸದು ಹಿಂದೆ. ಮೇಲಿನ ಸಾಲು ಬಿಟ್ಟು ಅಂತ ಹೇಳಲಿಲ್ಲ. ಹೇಳಬೇಕಾದರೆ ಯಾಕೆ ಅಂತಲೂ ಹೇಳಬೇಕಿತ್ತು, ಆ ಮನೆಯಲ್ಲಿ ನಾವಿಬ್ಬರೂ ಅವನ ಹೆಸರು ಎತ್ತುವುದಿಲ್ಲ, ಅವರು ನನಗೋಸ್ಕರ, ನಾನು ಅವರಿಗೋಸ್ಕರ.

ನಲ್ಲಿ ನಿಲ್ಲಿಸಿ ಮನೆಗೆ ಫೋನ್ ಮಾಡಿದೆ, ಅತ್ತೆ ಎತ್ತಿದರು, ಏನಮ್ಮ ಈ ಹೊತ್ತಲ್ಲಿ, ಊಟ ಆಯ್ತಾ. ಅತ್ತೆ, ಮೇಲಿನ ಸಾಲು ಅಂದೆ. ಓ ಅದಾ, ಖಾಲಿ, ಗುಡಿಸಿ ಇಟ್ಟಂಗೆ ಖಾಲಿ — ಎಷ್ಟು ದಿನವಾಯಿತು ಈ ದನಿ ಕೇಳಿ, ನಗುವ ದನಿ — ಅದೇ ತಾನೇ ಎಲ್ಲಕ್ಕಿಂತ ಹಳೇದು, ನೀನು ಹೇಳಿದಂಗೇ ಮೊದಲು ಅದನ್ನೇ ಕೊಟ್ಟೆ, ಆ ಅಂಗಡಿಯವನು ಮೂಗು ಮುರಿದ ನೋಡು, ಇದೇನಜ್ಜಿ, ಇಲಿ ಕಚ್ಚಿದಂಗಿದೆ ಅಂತ, ಮೂಲೇಲಿ ಗುಳಿ ಇದ್ದವಲ್ಲ, ನಿನ್ನ ಮೂತಿಗಿಂತ ಚೆನ್ನಾಗಿದೆ ಇಟ್ಕೋ ಅಂದೆ, ಈಗ ಅವನೇ ಕೇಳ್ತಾನೆ, ಗುಳಿ ಇರೋದೇ ಬೇಕಂತೆ ಜನಕ್ಕೆ, ಹೆಬ್ಬೆರಳು ಸರಿಯಾಗಿ ಅಲ್ಲಿ ಕೂರುತ್ತಂತೆ, ಒದ್ದೆ ಕೈಲೂ ಜಾರಲ್ಲವಂತೆ, ಅದು ಯಾವ ಅಚ್ಚೋ ನೀನು ಹಾಕಿದ್ದು, ಅದನ್ನೇ ಹಾಕು. ಒಂದಾದ್ರೂ ಉಳಿದಿದೆಯಾ ಅತ್ತೆ. ಒಂದೂ ಇಲ್ಲ, ನಿನ್ನೆ ಅಂಗಡೀಲೂ ಮುಗೀತಂತೆ. ಯಾಕಮ್ಮ, ಅವು ಕೆಟ್ಟಿದ್ವಾ, ನಾನೇನಾದ್ರೂ ತಪ್ಪು ಮಾಡಿದ್ನಾ. ಯಾವ ಅಚ್ಚು, ನೀವು ಹೆತ್ತ ಅಚ್ಚು ಅತ್ತೆ, ನೀವು ಎಣ್ಣೆ ಹಚ್ಚಿ ನೀವಿ ಬೆಳೆಸಿದ ಬೆರಳು, ಕಾಗದ ಸುತ್ತುವಾಗ ಒಂದೊಂದಕ್ಕೂ ನಿಮ್ಮ ಬೆರಳು ತಾಗಿರುತ್ತದೆ — ಇಲ್ಲ ಅತ್ತೆ, ಚೆನ್ನಾಗಿದ್ವು ಅಂದೆ, ಮಾಡೋಣ, ಹಾಗೇ ಮಾಡೋಣ.

ಹಾಗಾದರೆ ಇದೊಂದೇ. ಕರ್ಚೀಫಿನಲ್ಲಿ ಸುತ್ತಿ ತೆಗೆದುಕೊಂಡರೆ ಮುಗಿಯಿತು, ಸೋಪು ಎಲ್ಲಿ ಅಂತ ಯಾರು ಕೇಳುತ್ತಾರೆ, ಕೇಳಲಿ, ಕೈ ಚಾಚುತ್ತೇನೆ, ಬಾಗಿಲು ಸದ್ದು, ಮೇಡಂ. ತೋಳು ಮಡಚುತ್ತ ಪಕ್ಕಕ್ಕೇ ಬಂದು, ಸ್ವಲ್ಪ ಸರೀತೀರಾ, ಕೈಯೆಲ್ಲ ಇಂಕು. ಸೋಪು ಅವರ ಕೈಯಲ್ಲಿದೆ. ಕಂದು ನೊರೆ, ಲವಂಗ, ಸೋಪು ತಿರುಗುತ್ತದೆ, ಹೆಬ್ಬೆರಳು ತಾನಾಗಿ ಗುಳಿ ಹುಡುಕಿಕೊಂಡು ಹೋಗಿ ಕೂರುತ್ತದೆ, ತಿಕ್ಕುತ್ತದೆ, ಮತ್ತೆ ಕೂರುತ್ತದೆ. ನಮ್ಮ ಆಯಾ ತಂದಿಟ್ಟಿದ್ದು, ಎಷ್ಟು ಚೆನ್ನಾಗಿದೆ ಅಲ್ವಾ, ಮನೇಲಿ ಯಾರೋ ಮಾಡೋದಂತೆ, ನಿಮ್ಮ ಬೀದಿ ಅಂಗಡೀಲೇ ತಂದೆ ಅಂದ್ಲು, ಯಾರು ಮಾಡ್ತಾರೆ, ಗೊತ್ತಾ ನಿಮಗೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಾರೆ. ನನ್ನ ಗಂಡ ಅನ್ನಬಹುದು. ಅದು ಅವನ ಬೆರಳು, ಮೆಲ್ಲಗೆ, ಸವೆಯುತ್ತೆ ಅನ್ನಬಹುದು. ಬಾಯಿ ತೆರೆದಿದೆ. ಗೊತ್ತಿಲ್ಲ ಮೇಡಂ. ನನ್ನ ದನಿಯೇ ಅದು, ಏರಿಲ್ಲ, ಇಳಿದಿಲ್ಲ, ಆ ಯಂತ್ರ ಹೀಗೇ ಅಂದಿರಬೇಕು, ಗುರುತು ಸಿಗಲಿಲ್ಲ. ಸರಿ ಬಿಡಿ, ಸ್ವಲ್ಪ ಊಟ ಗೀಟ ಮಾಡಿ ಸರಿಯಾಗಿ, ಮುಖ ನೋಡಿ ಹೇಗಾಗಿದೆ ಅಂದರು, ಸೋಪನ್ನು ಅಂಚಿಗೆ ಇಟ್ಟರು, ಹೋದರು.

ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಈಗ ತೆಗೆದುಕೊಳ್ಳಬಹುದು, ಯಾರೂ ಇಲ್ಲ, ಕರ್ಚೀಫು ಕೈಯಲ್ಲೇ ಇದೆ. ಗುಳಿಯ ಅಂಚು ಕರಗಿ ಅಗಲವಾಗಿದೆ, ಮೊದಲಿಗಿಂತ ಅಗಲ, ಅವನದು ಇಷ್ಟು ಅಗಲ ಇರಲಿಲ್ಲ, ಇತ್ತೇ, ಇಷ್ಟೇ ಇತ್ತೇ, ನೆನಪಿಗೆ ಬರುತ್ತಿಲ್ಲ, ನಲ್ಲಿಯಿಂದ ಒಂದು ಹನಿ, ಗುಳಿಯಲ್ಲಿ ನೀರು, ನೀರಿನ ಮೇಲೆ ನೊರೆ, ಇನ್ನೊಂದು ಹನಿ, ಗುಳಿ, ಗುಳಿಯಲ್ಲಿ ನೀರು